ಎಲ್ಲಿಯ ಲಂಬಾಸ, ಎಲ್ಲಿಯ ಕಂಠೀರವ!

2016ರ ಆಗಸ್ಟ್ 7. ಬ್ರೆಜಿಲ್‌ನ ಸಾಲ್ವಡಾರ್ ನಗರದ ಮೈದಾನ. ಒಂದು ಕಡೆ ಒಲಿಂಪಿಕ್ಸ್ ಫುಟ್‌ಬಾಲ್‌ನ ಹಾಲಿ ಚಾಂಪಿಯನ್ ಮೆಕ್ಸಿಕೊ. ಇನ್ನೊಂದು ಕಡೆ, ಮೂರು ದಿನದ ಹಿಂದಷ್ಟೇ ದಕ್ಷಿಣ ಕೊರಿಯಾ ಕೈಯಲ್ಲಿ 8–0ಯಿಂದ ಚಚ್ಚಿಸಿಕೊಂಡು ಬಂದ ಫಿಜಿ. ಆಟ ಹತ್ತನೇ ನಿಮಿಷಕ್ಕೆ ಕಾಲಿಟ್ಟಿದೆ. ಚೆಂಡು ಮೇಲಿನಿಂದ ಇಳಿದು ಬರುತ್ತದೆ. ಎತ್ತರದಲ್ಲಿ ಯಾರ ಕಣ್ಣಿಗೂ ಬೀಳದ ಫಿಜಿ ನಾಯಕ ಅದಕ್ಕೆ ತಲೆ ಕೊಡುತ್ತಾನೆ. ಗೋಲು! ಒಲಿಂಪಿಕ್ಸ್‌ನಲ್ಲಿ ಫಿಜಿಯ ಮೊಟ್ಟಮೊದಲ ಫುಟ್‌ಬಾಲ್ ಗೋಲು. ವಿರಾಮದ ಹೊತ್ತಿಗೂ ಫಿಜಿಯೇ ಮುಂದೆ! ಆಮೇಲೆ ಮೆಕ್ಸಿಕೊ ಐದು ಗೋಲು ಹೊಡೆದು ಗೆದ್ದಿತು, ನಿಜ. ಆದರೆ ಆ ಮೊದಲ 45 ನಿಮಿಷಗಳನ್ನು ಫಿಜಿಯಿಂದ ಕಿತ್ತುಕೊಳ್ಳುವವರು ಯಾರು?

ಆ ನಾಯಕನ ಹೆಸರು ರಾಯ್ ಕೃಷ್ಣ. ಹೌದು, ನಮ್ಮ ಬೆಂಗಳೂರು ಎಫ್‌ಸಿಯ ನೀಲಿ ಅಂಗಿ ತೊಟ್ಟು ಕಂಠೀರವ ಕ್ರೀಡಾಂಗಣದಲ್ಲಿ ಓಡಾಡಿದ ಅದೇ ರಾಯ್ ಕೃಷ್ಣ! ಇಲ್ಲಿ ಅವನಿಗೆ ಚಪ್ಪಾಳೆ ತಟ್ಟಿದವರಲ್ಲಿ ಎಷ್ಟು ಜನಕ್ಕೆ ಅವನು ನಡೆದು ಬಂದ ದಾರಿ ಗೊತ್ತೋ ಕಾಣೆ. ಗೊತ್ತಾದಷ್ಟೂ ಬೆರಗು ಹೆಚ್ಚುವ ದಾರಿ ಅದು.

ಶಾಂತಸಾಗರದ ನಡುವೆ ಮುನ್ನೂರಕ್ಕೂ ಹೆಚ್ಚು ದ್ವೀಪಗಳ ದೇಶ ಫಿಜಿ. ಎಲ್ಲ ದ್ವೀಪಗಳ ಜನರನ್ನೂ ಒಟ್ಟು ಸೇರಿಸಿದರೆ ನಮ್ಮ ಮೈಸೂರು ನಗರ ತುಂಬೀತು, ಅಷ್ಟೇ. ಆ ದೇಶದ ಎರಡನೇ ದೊಡ್ಡ ದ್ವೀಪ ವನುವಾ ಲೇವು. ಅಲ್ಲಿನ ಪಟ್ಟಣ ಲಂಬಾಸ. ಸುತ್ತ ಕಬ್ಬಿನ ಗದ್ದೆ, ಹತ್ತೊಂಬತ್ತನೇ ಶತಮಾನದಿಂದಲೂ ಕಬ್ಬು ಅರೆಯುತ್ತಿರುವ ಸಕ್ಕರೆ ಕಾರ್ಖಾನೆ. ಕೃಷ್ಣ ಹುಟ್ಟಿದ್ದು ಅಲ್ಲೇ, 1987ರಲ್ಲಿ. 1879ರಿಂದ 1916ರವರೆಗೆ ಬ್ರಿಟಿಷರು ಅರವತ್ತು ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಕರಾರಿಗೆ ಕಟ್ಟಿಹಾಕಿ, ಹಡಗು ಹತ್ತಿಸಿ ಫಿಜಿಯ ಕಬ್ಬಿನ ಗದ್ದೆಗಳಿಗೆ ಒಯ್ದರು. ಐದು ವರ್ಷದ ಕೂಲಿಗೆಂದು ಹೋದವರಲ್ಲಿ ಬಹುಪಾಲು ಜನ ಅಲ್ಲೇ ಬೇರುಬಿಟ್ಟರು. ಕೃಷ್ಣನ ಹಿರಿಯರು ಗಿರ್ಮಿಟಿಯಾ ಎನಿಸಿಕೊಂಡ ಆ ಕರಾರು ಕೂಲಿಗಳ ಸಾಲಿನವರು.

ಆ ಜನ ಫುಟ್‌ಬಾಲನ್ನು ಎಷ್ಟು ಹಚ್ಚಿಕೊಂಡರೆಂದರೆ, 1938ರಲ್ಲಿ ಅಲ್ಲಿ ಶುರುವಾದ ಫುಟ್‌ಬಾಲ್ ಸಂಸ್ಥೆಯ ಹೆಸರಿನಲ್ಲೇ ‘ಇಂಡಿಯನ್’ ಎಂಬ ಪದವಿತ್ತು! ದೇಶವೆಲ್ಲ ರಗ್ಬಿಯ ಹುಚ್ಚಿನಲ್ಲಿದ್ದಾಗ ಇವರು ಕಾಲಿನಲ್ಲಿ ಚೆಂಡು ಒದೆಯುತ್ತಿದ್ದರು. ಆದರೆ ಒದ್ದು ಹೊಟ್ಟೆ ಹೊರೆಯುವುದು ಹೇಗೆ? ಕೃಷ್ಣ ಬೆಳೆಯುವಾಗ ಫಿಜಿಯಲ್ಲಿ ಆಟವನ್ನೇ ನೆಚ್ಚಿ ಬದುಕುವಂಥ ವೃತ್ತಿಪರ ಲೀಗ್ ಇರಲಿಲ್ಲ. ಊರ ತಂಡದಲ್ಲಿ ಆಡಿ, 2008ರಲ್ಲಿ ಹುಡುಗ ನ್ಯೂಜಿಲೆಂಡ್‌ನ ವೈಟಾಕೆರೆ ಯುನೈಟೆಡ್ ಸೇರಿದ. ಅಲ್ಲಿ ಒಂದಲ್ಲ ಎರಡಲ್ಲ, ವರ್ಷಗಟ್ಟಲೆ ಗೋಲು ಹೊಡೆದ. ಆಮೇಲೆ ಆಕ್ಲೆಂಡ್ ಸಿಟಿ. 2013ರ ಡಿಸೆಂಬರ್‌ನಲ್ಲಿ ಮೊರಾಕ್ಕೊದಲ್ಲಿ ನಡೆದ ಕ್ಲಬ್ ವಿಶ್ವಕಪ್‌ನಲ್ಲಿ, ಆತಿಥೇಯ ರಾಜಾ ಕಾಸಾಬ್ಲಾಂಕಾ ವಿರುದ್ಧವೇ ಒಂದು ಗೋಲು! ಮರುತಿಂಗಳೇ ವೆಲಿಂಗ್ಟನ್ ಫೀನಿಕ್ಸ್ ಕರೆಯಿತು. ಆಸ್ಟ್ರೇಲಿಯಾದ ಎ–ಲೀಗ್ ಬಾಗಿಲು ತೆರೆದಾಗ ಅವನಿಗೆ ಆಗಲೇ 26. ಬೇರೆ ದೇಶದ ಹುಡುಗರು ಹದಿನೆಂಟಕ್ಕೇ ಏರುವ ಮೆಟ್ಟಿಲು ಅದು. ಪ್ರತಿಭೆಗೆ ಕೊರತೆ ಇರಲಿಲ್ಲ, ದಾರಿಗೆ ಕೊರತೆ ಇತ್ತು. ಶಾಂತಸಾಗರದ ದ್ವೀಪಗಳಲ್ಲಿ ಇಂಥ ಇನ್ನೆಷ್ಟು ಕಾಲುಗಳು ಯಾರ ಕಣ್ಣಿಗೂ ಬೀಳದೆ ಉಳಿದಿವೆಯೋ ಎಂದು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ತಡವಾಗಿ ಬಂದವನು ಸುಮ್ಮನೆ ಕೂರಲಿಲ್ಲ. 2018–19ರಲ್ಲಿ 18 ಗೋಲು, ಲೀಗ್‌ನ ಗೋಲ್ಡನ್ ಬೂಟ್, ಜೊತೆಗೆ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಜಾನಿ ವಾರನ್ ಪದಕ.

ಆಮೇಲೆ ಅವನು ಹೊರಟಿದ್ದೆಲ್ಲಿಗೆ? ಕೋಲ್ಕತ್ತಕ್ಕೆ! 1879ರಲ್ಲಿ ಮೊದಲ ಗಿರ್ಮಿಟಿಯಾ ಹಡಗು ಲಿಯೊನಿಡಾಸ್ ಲಂಗರು ಕಿತ್ತಿದ್ದು ಆ ಊರಿನಿಂದಲೇ. ಕೂಲಿಗಳನ್ನು ಕಳಿಸಿದ ಬಂದರಿಗೆ ಅವರ ಕುಲದವನೊಬ್ಬ ಸ್ಟ್ರೈಕರ್ ಆಗಿ ಬಂದಿಳಿದ. ಮೊದಲ ವರ್ಷವೇ ಅಲ್ಲಿನ ಎಟಿಕೆ ತಂಡದ ಪರ 15 ಗೋಲು, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಿರೀಟ. ಕಥೆ ಕಟ್ಟುವವನೂ ಇಷ್ಟು ಧೈರ್ಯ ಮಾಡಲಾರ!

2022ರಲ್ಲಿ ಬೆಂಗಳೂರಿಗೆ ಬಂದ, ಬಂದ ಹೊಸತರಲ್ಲೇ ತಂಡ ಡುರಾಂಡ್ ಕಪ್ ಗೆದ್ದಿತು. 2023ರ ಮಾರ್ಚ್ 18ರಂದು ಗೋವಾದ ಫತೋರ್ಡದಲ್ಲಿ ಐಎಸ್‌ಎಲ್ ಫೈನಲ್, ಎದುರಿಗೆ ಹಳೆಯ ತಂಡ ಎಟಿಕೆ ಮೋಹನ್ ಬಾಗನ್. 1–1ರ ಸಮಬಲ. 78ನೇ ನಿಮಿಷ, ಕಾರ್ನರ್‌ನಿಂದ ಬಂದ ಚೆಂಡು, ಸಾಲ್ವಡಾರ್‌ನಲ್ಲಿ ಮಾಡಿದ್ದನ್ನೇ ಮತ್ತೆ ಮಾಡಿದ: ಹೆಡರ್, ಗೋಲು, 2–1! ಏಳೇ ನಿಮಿಷ. ಮೋಹನ್ ಬಾಗನ್‌ಗೆ ಪೆನಾಲ್ಟಿ ಸಿಕ್ಕಿ 2–2 ಆಯಿತು, ಶೂಟೌಟ್‌ನಲ್ಲಿ ಕಪ್ ಕೈಜಾರಿತು.

ಆ ವರ್ಷವೇ ಅವನು ಒಡಿಶಾ ಎಫ್‌ಸಿಗೆ ಹೋದ. ವಯಸ್ಸಾಯಿತು, ಇನ್ನೇನು ಮುಗಿಯಿತು ಎಂದುಕೊಂಡವರೂ ಇದ್ದಿರಬೇಕು. ಮುಂದಿನ ಐಎಸ್‌ಎಲ್‌ನಲ್ಲಿ ಲಂಬಾಸದ ಕೃಷ್ಣ ಹೊಡೆದದ್ದು 13 ಗೋಲು, 36ನೇ ವಯಸ್ಸಿನಲ್ಲಿ!