ಮೈನಸ್ 196 ಡಿಗ್ರಿ ತಲುಪುವ ಮೊದಲು

ಅಮೆರಿಕದ ಅಯೋವಾ ರಾಜ್ಯದ ವೃದ್ಧರೊಬ್ಬರು 2004ರಲ್ಲಿ ಅರಿಝೋನಾದ ಆಲ್ಕೋರ್ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡರು. ಸತ್ತ ಮೇಲೆ ತಮ್ಮ ತಲೆಯನ್ನು ದ್ರವ ಸಾರಜನಕದಲ್ಲಿಟ್ಟು ಕಾಪಾಡಬೇಕು, ಮುಂದೆಂದಾದರೂ ವಿಜ್ಞಾನಕ್ಕೆ ಸಾಧ್ಯವಾದರೆ ಎಬ್ಬಿಸಬೇಕು. ಐವತ್ತು ಸಾವಿರ ಡಾಲರಿಗೂ ಹೆಚ್ಚು ಹಣವನ್ನು ಮುಂಗಡವಾಗಿಯೇ ಕಟ್ಟಿದರು. 2009ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಈ ಆಸೆ ಹಿಡಿಸದ ಒಡಹುಟ್ಟಿದವರು ಎರಡೇ ದಿನದಲ್ಲಿ ಮಣ್ಣು ಮಾಡಿ ಮುಗಿಸಿದರು. ಆಲ್ಕೋರ್‌ಗೆ ಸಾವಿನ ಸುದ್ದಿ ಮುಟ್ಟಿದ್ದು ಏಪ್ರಿಲ್‌ನಲ್ಲಿ, ಅದೂ ಕಟ್ಟಿದ ಹಣ ವಾಪಸ್ ಕೊಡಿ ಎಂಬ ಪತ್ರದಿಂದ! ದೇಹ ಹೊರತೆಗೆಯಲು ಬಿಡಿ ಎಂಬ ಸಂಸ್ಥೆಯ ಮನವಿಯನ್ನು ಕೆಳ ನ್ಯಾಯಾಲಯ ತಳ್ಳಿಹಾಕಿತು. 2010ರ ಮೇನಲ್ಲಿ ಮೇಲ್ಮನವಿ ನ್ಯಾಯಾಲಯ ಮೃತರ ಇಚ್ಛೆಯನ್ನು ಎತ್ತಿಹಿಡಿದು, ಹೂತ ದೇಹ ಹೊರತೆಗೆಯಲು ದಾರಿ ಮಾಡಿಕೊಟ್ಟಿತು. ಕೇಸು ಗೆದ್ದದ್ದಾಯಿತು. ವರ್ಷಕ್ಕೂ ಮಿಕ್ಕಿ ಮಣ್ಣಿನಲ್ಲಿದ್ದ ಮಿದುಳಿನಲ್ಲಿ ಕಾಪಾಡಲು ಏನು ಉಳಿದೀತು?

ಹೀಗೆ ಇಟ್ಟವರು ಎದ್ದು ಬರುತ್ತಾರೆಂದು ನಾನಂತೂ ನಂಬುವುದಿಲ್ಲ. ನಂಬುವವರ ಲೆಕ್ಕದಲ್ಲೇ ನೋಡಿದರೂ ನಿಮಿಷಗಳೇ ಎಲ್ಲ. ವೈದ್ಯರು ಸಾವು ಘೋಷಿಸಿದ ಕೂಡಲೇ ದೇಹವನ್ನು ಮಂಜುಗಡ್ಡೆಯ ನೀರಿಗೆ ಇಳಿಸಬೇಕು. ಎದೆಯೊತ್ತುವ ಯಂತ್ರದಿಂದ ರಕ್ತ ಓಡಾಡುತ್ತಿರಬೇಕು, ಅದು ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡಬೇಕು. ಆಮೇಲೆ ರಕ್ತ ತೆಗೆದು, ಹಿಮದ ಹರಳು ಮೂಡದಂತೆ ತಡೆಯುವ ರಾಸಾಯನಿಕ ತುಂಬಿ, ಹಂತಹಂತವಾಗಿ ಮೈನಸ್ 196 ಡಿಗ್ರಿಗೆ ತರಬೇಕು. ಇಷ್ಟಾಗಲು ಹಾಸಿಗೆಯ ಪಕ್ಕದಲ್ಲೇ ತಂಡ ಕಾದಿರಬೇಕು. ಬಿಟ್‌ಕಾಯಿನ್‌ನ ಮೊದಲಿಗರಲ್ಲಿ ಒಬ್ಬರಾದ ಹಾಲ್ ಫಿನ್ನಿಗೆ ಅದು ಸಾಧ್ಯವಾಯಿತು. ಎಎಲ್ಎಸ್ ಎಂಬ ನರರೋಗ ವರ್ಷಗಳ ಮುನ್ಸೂಚನೆ ಕೊಟ್ಟಿತ್ತು. 2014ರಲ್ಲಿ ಆಲ್ಕೋರ್ ಇರುವ ಸ್ಕಾಟ್ಸ್‌ಡೇಲ್‌ಗೇ ಬಂದು ಪ್ರಾಣಬಿಟ್ಟರು.

ಹೃದಯಾಘಾತದಲ್ಲೋ ಅಪಘಾತದಲ್ಲೋ ಹೋದವರಿಗೆ ಆ ಅನುಕೂಲವಿಲ್ಲ. ಕಾರಣ ತಿಳಿಯದ ಸಾವು, ಅದನ್ನು ತನಿಖೆ ಮಾಡುವ ಅಧಿಕಾರಿಯಾದ ಕೊರೋನರ್ ಸುಪರ್ದಿಗೆ ಹೋಗುತ್ತದೆ. ಶವಾಗಾರದಲ್ಲಿ ಸರದಿ ಬರುವ ತನಕ ಕಾಯಬೇಕು, ವಾರಾಂತ್ಯವಾದರೆ ಇನ್ನೂ ತಡ. ಮರಣೋತ್ತರ ಪರೀಕ್ಷೆಯಲ್ಲಿ ಮಿದುಳು ಹೊರತೆಗೆದು ಸೀಳಿದರೆ ಅಲ್ಲಿಗೆ ಎಲ್ಲ ಮುಗಿಯಿತು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂಥ ಕೆಲವು ರಾಜ್ಯಗಳಲ್ಲಿ ಧಾರ್ಮಿಕ ಕಾರಣಕ್ಕೆ ಪರೀಕ್ಷೆ ಬೇಡವೆಂದು ಮೊದಲೇ ಬರೆದಿಡಬಹುದು. (ದೇವರನ್ನು ನಂಬದವನೂ ಈ ಒಂದು ಸಹಿಗಾಗಿ ಧರ್ಮದ ಮೊರೆ ಹೋಗಬೇಕು!) ಕೊಲೆಯ ಶಂಕೆಯಿದ್ದರೆ ಮಾತ್ರ ಆ ಕಾಗದವೂ ನಡೆಯದು.

ಆಲ್ಕೋರ್ ಸದಸ್ಯರು ಮುಂಗೈಗೆ ಲೋಹದ ಬಿಲ್ಲೆಯೊಂದನ್ನು ಹಾಕಿಕೊಂಡಿರುತ್ತಾರೆ. ಐಸ್ ಇಡಿ, ಹೆಪಾರಿನ್ ಕೊಡಿ, ಕೊಯ್ಯಬೇಡಿ, ಈ ನಂಬರಿಗೆ ಫೋನ್ ಮಾಡಿ ಎಂಬ ಸೂಚನೆಗಳು ಅದರ ಮೇಲೇ ಇರುತ್ತವೆ. ಜೊತೆಗೆ, ಅಡ್ಡಿಪಡಿಸುವುದಿಲ್ಲವೆಂದು ಹತ್ತಿರದ ಬಂಧುಗಳಿಂದ ಅಫಿಡವಿಟ್ ಬರೆಸಿಡುವ ಕ್ರಮವೂ ಉಂಟು. ನನ್ನನ್ನು ಕೇಳಿದರೆ ಬಿಲ್ಲೆಗಿಂತ ಮೊದಲು ಮಾಡಿಸಬೇಕಾದದ್ದು ಆ ಅಫಿಡವಿಟ್. ಆಸ್ಪತ್ರೆಯಿಂದ ಮೊದಲ ಕರೆ ಹೋಗುವುದು ಮನೆಯವರಿಗೆ. ಆ ಹೊತ್ತಿನಲ್ಲಿ ಅರಿಝೋನಾಕ್ಕೆ ಫೋನ್ ತಿರುಗಿಸುವುದೋ ಬಿಡುವುದೋ ಅವರ ಕೈಯಲ್ಲಿದೆ.