ಡಯಾಲಿಸಿಸ್ ಕಾಯಲ್ಲ, ಬ್ಯಾಂಕು ಕಾಯ್ತದ

ಕೊಳ್ಳೇಗಾಲದ ಬಸ್ ನಿಲ್ದಾಣದ ಬಳಿ ಒಬ್ಬ ಆಟೊ ಚಾಲಕರು ಸೀಟಿನಡಿಯಿಂದ ತೆಗೆದು ತೋರಿಸಿದ್ದು ಇನ್ನೂರು ಪುಟದ ಶಾಲಾ ನೋಟ್‌ಬುಕ್. ತಾವಾಗಿ ಬಸ್ ಹತ್ತಲಾಗದವರ ಓಡಾಟದ ಲೆಕ್ಕ ಅದರಲ್ಲಿತ್ತು. ಎಡಗಡೆ ಊರಿನ ಹೆಸರು, ಬಲಗಡೆ ಒಂದು ಗುರುತು. ಸೊನ್ನೆ ಹಾಕಿದ್ದರೆ ವೀಲ್‌ಚೇರ್ ಇದೆ ಎಂದರ್ಥ. ಅಡ್ಡಗೆರೆ ಇದ್ದರೆ ಒರಗಿಸಿಕೊಂಡೇ ಕರೆದೊಯ್ಯಬೇಕು. ಎರಡು ಚುಕ್ಕೆ ಇದ್ದರೆ ಜೊತೆಗೊಬ್ಬರು ಬರುತ್ತಾರೆ. ಟೀ ಕುಡಿದು ಹೊರಡೋಣ ಎಂದುಕೊಂಡಿದ್ದ ನಾನು ಆ ಪುಸ್ತಕ ಬಿಟ್ಟು ಏಳಲಿಲ್ಲ. ಬಾಡಿಗೆಗೆ ಕರೆದವರನ್ನೂ ಅವರು ಒಂದೆರಡು ಸಲ ವಾಪಸ್ ಕಳಿಸಿದರು.

“ಒಬ್ಬೊಬ್ರಿಗೂ ಒಂದೊಂದ್ ಟ್ರಿಪ್ ಓಡುಸ್ತಾ ಕೂತ್ರ ಅವ್ರಿಗೂ ಕಾಸಿಲ್ಲ, ನಂಗೂ ಗಿಟ್ಟಲ್ಲ ಸಾ” ಎಂದರು. ಹಾಗಾಗಿ ಮಧುವನಹಳ್ಳಿ, ಕಾಮಗೆರೆ ಕಡೆಯವರಿಗೆ ಒಂದು ದಿನ. ಮಾಂಬಳ್ಳಿ, ಯಳಂದೂರು ಕಡೆಯವರಿಗೆ ಇನ್ನೊಂದು ದಿನ. ಬಾಡಿಗೆಯನ್ನು ಕೂತವರೆಲ್ಲ ಹಂಚಿಕೊಳ್ಳುತ್ತಾರೆ. ಯಾರಿಗೆ ಮೊದಲು ಎಂದು ಕೇಳಿದ್ದಕ್ಕೆ ಅವರ ಉತ್ತರ: “ಡಯಾಲಿಸಿಸ್ ಕಾಯಲ್ಲ ಸಾ, ಬ್ಯಾಂಕು ಕಾಯ್ತದ.” ಅಮಾವಾಸ್ಯೆಯ ಹಿಂದುಮುಂದಿನ ದಿನಗಳಲ್ಲಿ ಈ ಪುಸ್ತಕ ಮುಚ್ಚಿರುತ್ತದೆ. ಮಾದಪ್ಪನ ಬೆಟ್ಟಕ್ಕೆ ಹೋಗುವ ಭಕ್ತರಿಂದ ಬಸ್ಸು, ಆಟೊ, ರಸ್ತೆ ಎಲ್ಲ ತುಂಬಿರುವಾಗ ಕಾಲಿಲ್ಲದವರನ್ನು ಹೊರಡಿಸುವುದು ತರವಲ್ಲ ಎನ್ನುತ್ತಾರೆ. ಆ ದಿನಗಳ ಬಾಡಿಗೆಯೂ ಚೆನ್ನಾಗಿರುತ್ತದೆ ಎಂಬುದನ್ನು ಅವರು ಮುಚ್ಚಿಡಲಿಲ್ಲ.

ಅಮೆರಿಕದಲ್ಲಿ ಇಂಥ ಓಡಾಟಕ್ಕೊಂದು ಕಾನೂನೇ ಇದೆ. ಅಲ್ಲಿನ 1990ರ ಅಂಗವಿಕಲರ ಕಾಯ್ದೆಯ ಪ್ರಕಾರ, ಸಾಮಾನ್ಯ ಬಸ್ ಮಾರ್ಗದ ಇಕ್ಕೆಲದ ಮುಕ್ಕಾಲು ಮೈಲಿಯೊಳಗೆ, ಬಸ್ ಹತ್ತಲಾಗದವರಿಗೆ ಪ್ಯಾರಾಟ್ರಾನ್ಸಿಟ್ ಗಾಡಿ ಒದಗಿಸಲೇಬೇಕು. ದರ ಬಸ್ಸಿನ ಎರಡು ಪಟ್ಟು ಮೀರಬಾರದು. ಹಿಂದಿನ ದಿನ ಹೇಳಿದರೆ ಮರುದಿನ ಗಾಡಿ ಸಿಗಬೇಕು. ಎಲ್ಲಕ್ಕಿಂತ ನನಗೆ ಹಿಡಿಸಿದ ನಿಯಮ, ಏತಕ್ಕೆ ಹೋಗುತ್ತೀರಿ ಎಂಬುದರ ಮೇಲೆ ಹಿಂದು ಮುಂದು ಮಾಡುವಂತಿಲ್ಲ. ಡಯಾಲಿಸಿಸ್ಸಿಗೂ ಸಿನಿಮಾಕ್ಕೂ ಒಂದೇ ಸಾಲು. ನಮ್ಮ ಆಟೊದವರ ಪುಸ್ತಕ ಅಲ್ಲಿ ಕಾನೂನುಬಾಹಿರ! ಖರ್ಚು ಮಿತಿಮೀರಿದಾಗ ಅಲ್ಲಿನ ನಗರಗಳು ಅರ್ಹತೆಯನ್ನು ಬಿಗಿ ಮಾಡುತ್ತವೆ, ಸಾಧ್ಯವಿರುವವರಿಗೆ ಮಾಮೂಲಿ ಬಸ್ ಹತ್ತುವ ತರಬೇತಿ ಕೊಡುತ್ತವೆ. ತರಬೇತಿಗೆ ಅರ್ಥವಿರುವುದು ಹತ್ತಲು ಬರುವಂಥ ಬಸ್ಸಿದ್ದಾಗ. ಹನೂರು ರಸ್ತೆಯ ಕೆಂಪು ಬಸ್ಸಿನ ಮೊದಲ ಮೆಟ್ಟಿಲಿಗೆ ಗಟ್ಟಿಮುಟ್ಟಾದ ಮುದುಕರೂ ಕಂಬಿ ಹಿಡಿದು ನೇತಾಡುತ್ತಾರೆ.

ಆ ಬಸ್ಸಿನ ಪಾಸಿನ ಕಥೆಯನ್ನು ಹೇಳದೆ ಇರಲಾರೆ. ಕೆಎಸ್‌ಆರ್‌ಟಿಸಿ ಅಂಗವಿಕಲರಿಗೆ ಕೊಡುವ ರಿಯಾಯಿತಿ ಪಾಸಿಗೆ ವರ್ಷಕ್ಕೆ 660 ರೂಪಾಯಿ. ವಾಸಸ್ಥಳದಿಂದ 100 ಕಿಲೊಮೀಟರ್‌ವರೆಗೆ ಓಡಾಡಬಹುದು. ಯಳಂದೂರಿನವರಿಗೆ ಮೈಸೂರು ಸಲೀಸಾಗಿ ಇದರೊಳಗೆ ಬರುತ್ತದೆ. ಈಗ ಮಲೆ ಮಹದೇಶ್ವರ ಬೆಟ್ಟದಿಂದ ಲೆಕ್ಕ ಹಾಕಿ. ಕೊಳ್ಳೇಗಾಲಕ್ಕೆ ಸುಮಾರು 80, ಅಲ್ಲಿಂದ ಚಾಮರಾಜನಗರಕ್ಕೆ ಸುಮಾರು 40. ತನ್ನದೇ ಜಿಲ್ಲಾ ಕೇಂದ್ರ ಪಾಸಿನ ಗಡಿಯಾಚೆ! ಬೆಟ್ಟ ದಾಟಿ ಗೋಪಿನಾಥಂವರೆಗೆ ಹೋದರೆ ಇನ್ನೂ ದೂರ. 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿ ಮದ್ರಾಸಿನ ಆಡಳಿತದಲ್ಲಿದ್ದ ಕೊಳ್ಳೇಗಾಲ ಸೀಮೆ, 1997ರಲ್ಲಿ ಚಾಮರಾಜನಗರ ಜಿಲ್ಲೆಗೆ ಸೇರಿತು, ಆಮೇಲೆ ಹನೂರು ಬೇರೆ ತಾಲ್ಲೂಕಾಯಿತು. ಕಾಡಂಚಿನವರಿಗೆ ಕಚೇರಿ ಮಾತ್ರ ಯಾವ ಕಾಲದಲ್ಲೂ ಹತ್ತಿರ ಬರಲಿಲ್ಲ. ಇನ್ನೂ ಒಂದು ತಮಾಷೆ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ರಾಜ್ಯದೊಳಗೆ ಟಿಕೆಟ್ಟಿನ ದುಡ್ಡೇ ಇಲ್ಲ, ಕಿಲೊಮೀಟರಿನ ಮಿತಿಯೂ ಇಲ್ಲ. ಪೋಲಿಯೊ ಆದ ಗಂಡ ಪಾಸ್ ತೋರಿಸಿ ನೂರಕ್ಕೆ ಇಳಿಯಬೇಕು, ಪಕ್ಕದಲ್ಲಿ ಕೂತ ಹೆಂಡತಿ ಬೀದರ್‌ವರೆಗೂ ಹೋಗಬಹುದು. ಶಕ್ತಿಯನ್ನು ನಾನು ಆಡಿಕೊಳ್ಳುತ್ತಿಲ್ಲ. ಗಂಡನ ಪಾಸಿಗೆ ಆ ನೂರರ ಗೆರೆ ಯಾಕೆ ಬೇಕು ಎಂಬುದಷ್ಟೇ ನನ್ನ ತಕರಾರು.

ಬೆಟ್ಟದೊಳಗಿನ ಊರುಗಳದು ಇನ್ನೊಂದು ಪಾಡು. ತುಳಸಿಕೆರೆ, ಇಂಡಿಗನತ್ತ, ಮೆದಗನಾಣೆ, ಪಡಸಲನತ್ತ, ದೊಡ್ಡಾಣೆ: ಈ ಕಡೆ ಕಾಯಿಲೆಯವರನ್ನು ಡೋಲಿ ಕಟ್ಟಿ ಹೊತ್ತುಕೊಂಡು ಕಾಡಿನ ಹಾದಿಯಲ್ಲಿ ಬರುವ ಸುದ್ದಿ ಪತ್ರಿಕೆಗಳಲ್ಲಿ ಪದೇ ಪದೇ ಕಾಣುತ್ತದೆ. ಅರಣ್ಯ ಇಲಾಖೆ 2022ರಲ್ಲಿ ‘ಜನ–ವನ ಸೇತುವೆ’ ಹೆಸರಿನಲ್ಲಿ ಜೀಪುಗಳನ್ನು ಓಡಿಸಿತು. ಶಾಲೆಯ ಮಕ್ಕಳನ್ನು ಮುಖ್ಯವಾಗಿ ನೆನೆದು ಹುಟ್ಟಿದ ಒಳ್ಳೆಯ ಯೋಜನೆ ಅದು. ಆದರೆ ಜೀಪೊಂದೇ ಸಾಲದು ಎಂಬುದು 2024ರ ಏಪ್ರಿಲ್ 26ರಂದು ಲೋಕಸಭಾ ಚುನಾವಣೆಯ ದಿನವೇ ಗೊತ್ತಾಯಿತು. ರಸ್ತೆ ಮತ್ತಿತರ ಸೌಕರ್ಯ ಕೇಳಿ ಬಹಿಷ್ಕಾರಕ್ಕೆ ಇಳಿದಿದ್ದ ಇಂಡಿಗನತ್ತದಲ್ಲಿ ಗಲಾಟೆಯಾಗಿ ಮತಗಟ್ಟೆ ಧ್ವಂಸವಾಯಿತು, ಮರುಮತದಾನ ನಡೆಸಬೇಕಾಯಿತು.

ಬೇಡಿಕೆ ಹೆಚ್ಚಾದರೆ ನಿಭಾಯಿಸುವುದು ಹೇಗೆ ಎಂದು ಅಮೆರಿಕದವರು ಚಿಂತಿಸಲಿ. ನಮ್ಮಲ್ಲಿ ಬೇಡಿಕೆ ಹುಟ್ಟುವ ಮೊದಲೇ ಸಾಯುತ್ತದೆ. ಗಾಡಿ ಸಿಗುವುದಿಲ್ಲ ಎಂದು ಗೊತ್ತಿದ್ದವರು ಕೇಳುವುದೇ ಇಲ್ಲ. ಇದಕ್ಕೆ ಆ್ಯಪ್ ಮಾಡೋಣ ಎನ್ನುವವರನ್ನು ಮೊದಲು ನೆಟ್‌ವರ್ಕ್ ಇಲ್ಲದ ಹಾಡಿಯೊಂದಕ್ಕೆ ಕಳಿಸಬೇಕು. ಗ್ರಾಮ ಪಂಚಾಯಿತಿಗಳಲ್ಲಿ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಊರೂರಿನ ಅಂಗವಿಕಲರ ಪಟ್ಟಿ ಅವರ ಕೈಯಲ್ಲಿದೆ. ಪಂಚಾಯಿತಿಯ ಸ್ವಂತ ಆದಾಯದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗೆಂದೇ ತೆಗೆದಿಡಬೇಕು. ಆ ಹಣದಲ್ಲಿ ಒಂದಿಷ್ಟನ್ನು ಇಂಥ ಆಟೊದವರ ಪೆಟ್ರೋಲಿಗೆ ಕೊಟ್ಟು, ಹನೂರಿನ ಒಂದೇ ಒಂದು ಪಂಚಾಯಿತಿಯಲ್ಲಿ ಊರಿಗೊಂದು ದಿನ ಗೊತ್ತುಮಾಡಿ ಆರು ತಿಂಗಳು ನೋಡಬಹುದು. ಪುಸ್ತಕದಲ್ಲಿ ಹೋಗಿಬಂದವರ ಹೆಸರಿನ ಜೊತೆಗೆ ‘ಇವತ್ತಾಗಲ್ಲ’ ಎನ್ನಿಸಿಕೊಂಡವರ ಹೆಸರಿಗೂ ಒಂದು ಕಾಲಂ ಬೇಕು. ಮುಂದಿನ ವರ್ಷ ಎಷ್ಟು ಗಾಡಿ ಬೇಕಾದೀತು ಎಂದು ಹೇಳುವುದು ಆ ಕಾಲಮ್ಮೇ.