ಕೆಂಪು ಅಂಕಿಗೆ ಹೆದರಿ ರಿಜಿಸ್ಟ್ರಿ ಮುಟ್ಟಬೇಡಿ

ಕಂಪ್ಯೂಟರ್ ಕೊಂಡು ನಾಲ್ಕೈದು ವರ್ಷವಾಗಿದೆ. ಬಟನ್ ಒತ್ತಿ ಅಡುಗೆಮನೆಗೆ ಹೋಗಿ ಕಾಫಿ ಕುಡಿದು ಬಂದರೂ ಪರದೆ ಪೂರ್ತಿ ತೆರೆದುಕೊಂಡಿರುವುದಿಲ್ಲ. ಮಗಳ ಪ್ರಾಜೆಕ್ಟ್ ನಾಳೆಯೇ ಕೊಡಬೇಕು, ಸಿಸ್ಟಮ್ ಹ್ಯಾಂಗ್ ಆಗುತ್ತಿದೆ. ಗೂಗಲ್‌ನಲ್ಲಿ ಪರಿಹಾರ ಹುಡುಕಿದರೆ ‘ಉಚಿತ ತಪಾಸಣೆ’ಯ ಜಾಹೀರಾತು ಎದುರಾಗುತ್ತದೆ. ಇಳಿಸಿಕೊಂಡು ಓಡಿಸಿದ ಎರಡೇ ನಿಮಿಷದಲ್ಲಿ ದೊಡ್ಡದೊಂದು ಕೆಂಪು ಅಂಕಿ: ನಿಮ್ಮ ರಿಜಿಸ್ಟ್ರಿಯಲ್ಲಿ ಇಷ್ಟು ನೂರು ದೋಷಗಳಿವೆ. ಅದರ ಕೆಳಗೆ, ಎಲ್ಲವನ್ನೂ ಸರಿಪಡಿಸುತ್ತೇನೆನ್ನುವ ಗುಂಡಿ.

ಆ ಗುಂಡಿ ಒತ್ತಬೇಡಿ ಎಂದು ಹೇಳುವುದಕ್ಕಾಗಿಯೇ ಈ ಲೇಖನ. ರಿಜಿಸ್ಟ್ರಿ ಕ್ಲೀನರ್ ಎಂಬ ತಂತ್ರಾಂಶದಿಂದ ಮನೆಯ ಕಂಪ್ಯೂಟರಿಗೆ ಆಗುವ ಲಾಭ ಕಣ್ಣಿಗೆ ಕಾಣದಷ್ಟು ಸಣ್ಣದು. ಹಾನಿಯಾದರೆ ಮಾತ್ರ ವಿಂಡೋಸ್ ಅನ್ನೇ ಹೊಸದಾಗಿ ಹಾಕಿಸಬೇಕಾದೀತು.

ಮೊದಲು ರಿಜಿಸ್ಟ್ರಿ ಏನೆಂದು ನೋಡೋಣ. ಆರಂಭದ ವಿಂಡೋಸ್‌ನಲ್ಲಿ ಸೆಟ್ಟಿಂಗ್‌ಗಳೆಲ್ಲ ‘ವಿನ್ ಡಾಟ್ ಐಎನ್‌ಐ’, ‘ಸಿಸ್ಟಮ್ ಡಾಟ್ ಐಎನ್‌ಐ’ಯಂಥ ಪಠ್ಯ ಕಡತಗಳಲ್ಲಿರುತ್ತಿದ್ದವು. ಪ್ರತಿ ತಂತ್ರಾಂಶವೂ ತನ್ನದೊಂದು ಕಡತ ಸೇರಿಸುತ್ತ ಹೋಗಿ ಗೊಂದಲ ಬೆಳೆಯಿತು. 1992ರ ವಿಂಡೋಸ್ 3.1ರಲ್ಲಿ ರಿಜಿಸ್ಟ್ರಿ ಸಣ್ಣ ರೂಪದಲ್ಲಿ ಬಂತು. ಯಾವ ಬಗೆಯ ಕಡತವನ್ನು ಯಾವ ತಂತ್ರಾಂಶ ತೆರೆಯಬೇಕು ಎಂಬಂಥ ವಿವರಗಳಷ್ಟೇ ಅದರಲ್ಲಿದ್ದವು. 1995ರ ವಿಂಡೋಸ್ 95ರ ಹೊತ್ತಿಗೆ ಅದೇ ಇಡೀ ವ್ಯವಸ್ಥೆಯ ದಾಖಲೆ ಭಂಡಾರವಾಯಿತು. ಇಂದು ಡೆಸ್ಕ್‌ಟಾಪ್‌ನ ಹಿನ್ನೆಲೆ ಚಿತ್ರದಿಂದ ಹಿಡಿದು ಪ್ರಿಂಟರಿನ ಡ್ರೈವರ್ ತನಕ, ಬಳಕೆದಾರರ ಖಾತೆಗಳಿಂದ ಹಿಡಿದು ಕಂಪ್ಯೂಟರ್ ಶುರುವಾದಾಗ ಯಾವ ಸೇವೆ ಮೊದಲು ಏಳಬೇಕು ಎಂಬುದರ ತನಕ ಎಲ್ಲವೂ ಅಲ್ಲಿಯೇ. ನೀವು ಹಾಕಿಕೊಂಡ ಕನ್ನಡ ಫಾಂಟ್‌ಗಳ ಪಟ್ಟಿ, ಕನ್ನಡ ಕೀಲಿಮಣೆಯ ವಿನ್ಯಾಸ ಕೂಡ ಅದರಲ್ಲೇ ಬರೆದಿರುತ್ತವೆ.

ಇದರಲ್ಲಿ ಬೇಡದ್ದು ಸೇರುವುದು ನಿಜ. ಒಂದು ತಂತ್ರಾಂಶವನ್ನು ಅನ್‌ಇನ್‌ಸ್ಟಾಲ್ ಮಾಡಿದರೂ ಅದರ ಕೆಲವು ನಮೂದುಗಳು ಉಳಿದುಬಿಡುತ್ತವೆ. ಕೆಲವು ಕಂಪನಿಗಳು ಬೇಕೆಂದೇ ಉಳಿಸುತ್ತವೆ, ಒಮ್ಮೆ ಮುಗಿದ ಟ್ರಯಲ್ ಅವಧಿಯನ್ನು ಮತ್ತೆ ಇನ್‌ಸ್ಟಾಲ್ ಮಾಡಿ ಪಡೆಯದಿರಲಿ ಎಂದು. ಹೀಗೆ ಉಳಿದದ್ದು ಕಂಪ್ಯೂಟರನ್ನು ನಿಧಾನ ಮಾಡುತ್ತದೆಯೇ? ವಿಂಡೋಸ್‌ನ ಒಳಗನ್ನು ಬಲ್ಲವರಲ್ಲಿ ದೊಡ್ಡ ಹೆಸರು ಮಾರ್ಕ್ ರುಸಿನೋವಿಚ್. ಅವರ ಸಿಸ್‌ಇಂಟರ್ನಲ್ಸ್ ಸಾಧನಗಳನ್ನು ಬಳಸದ ಸಿಸ್ಟಮ್ ಅಡ್ಮಿನ್ ಅಪರೂಪ. 2005ರಲ್ಲೇ ಅವರು ಇದನ್ನು ಕುರಿತು ಬರೆದಿದ್ದರು: ಇಂಥ ಕಸ ವಿಂಡೋಸ್ ಇರುವ ತನಕ ಇರುವಂಥದ್ದು, ಆದರೆ ರಿಜಿಸ್ಟ್ರಿ ಎಷ್ಟೇ ಊದಿಕೊಂಡರೂ ಅದನ್ನು ಆದಿಯಿಂದ ಅಂತ್ಯದವರೆಗೆ ಜಾಲಾಡುವ ಕೆಲಸವನ್ನು ಬಿಟ್ಟರೆ ಬೇರಾವುದರ ವೇಗಕ್ಕೂ ಹೇಳಿಕೊಳ್ಳುವಂಥ ಪೆಟ್ಟು ಬೀಳದು.

ಕಾರಣ ಸರಳ. ವರ್ಡ್ ತೆರೆಯುವಾಗ ಅದು ರಿಜಿಸ್ಟ್ರಿಯನ್ನೆಲ್ಲ ಓದುವುದಿಲ್ಲ. ತನಗೆ ಬೇಕಾದ ನಮೂದು ಯಾವ ಕವಲಿನಲ್ಲಿದೆ ಎಂಬುದು ಅದಕ್ಕೆ ಗೊತ್ತು, ನೇರ ಅಲ್ಲಿಗೇ ಹೋಗುತ್ತದೆ. ಪಕ್ಕದ ಕವಲಿನಲ್ಲಿ ಹಳೆಯದೊಂದು ಆಟದ ಎಂಟು ಸಾಲು ಬಿದ್ದಿದ್ದರೆ ವರ್ಡ್‌ಗೆ ಅದರ ಸುಳಿವೂ ಇರದು. ಲೆಕ್ಕ ಹಾಕಿಯೇ ನೋಡಿ. ಕ್ಲೀನರ್ 800 ನಮೂದುಗಳನ್ನು ಅಳಿಸಿತು, ಒಂದೊಂದೂ 250 ಬೈಟ್ ಎಂದು ಹಿಡಿದರೆ ಒಟ್ಟು ಎರಡು ಲಕ್ಷ ಬೈಟ್, ಅಂದರೆ ಸುಮಾರು 200 ಕೆ.ಬಿ. ಮೊಬೈಲ್‌ನಲ್ಲಿ ತೆಗೆದ ಒಂದೇ ಫೋಟೊ ಇದರ ಹತ್ತು ಪಟ್ಟಿಗಿಂತ ಹೆಚ್ಚಿರುತ್ತದೆ. ಅದೂ ಅಲ್ಲದೆ, ನಮೂದು ಅಳಿಸಿದ ಕೂಡಲೇ ರಿಜಿಸ್ಟ್ರಿಯ ಕಡತವೇನೂ ಕುಗ್ಗುವುದಿಲ್ಲ. ಆ ಜಾಗ ಖಾಲಿ ಎಂದು ಗುರುತಾಗುತ್ತದೆ, ಮುಂದೆ ಬರುವ ನಮೂದು ಅಲ್ಲಿ ಕೂರುತ್ತದೆ, ಅಷ್ಟೆ.

ಅಪಾಯವಿರುವುದು ಕ್ಲೀನರ್ ತೀರ್ಮಾನ ಮಾಡುವ ಬಗೆಯಲ್ಲಿ. ಒಂದು ನಮೂದು ಯಾವುದೋ ಕಡತವನ್ನು ತೋರಿಸುತ್ತಿದೆ, ಆ ಕಡತ ಅಲ್ಲಿಲ್ಲ, ಹಾಗಾಗಿ ನಮೂದು ಅನಾಥ. ಬಹುಪಾಲು ಕ್ಲೀನರ್‌ಗಳ ತರ್ಕ ಇಷ್ಟೇ. ಬೀಗ ಹಾಕಿದ ಮನೆ ಕಂಡು ವಾರಸುದಾರರಿಲ್ಲ ಎಂದು ಪಂಚಾಯಿತಿ ಪುಸ್ತಕದಲ್ಲಿ ಬರೆದುಕೊಂಡಂತಾಯಿತು ಇದು. ಆ ಕಡತ ನೀವು ತಿಂಗಳಿಗೊಮ್ಮೆ ಸಿಕ್ಕಿಸುವ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿರಬಹುದು. ಆಫೀಸಿನ ನೆಟ್‌ವರ್ಕ್‌ನಲ್ಲಿದ್ದು ಮನೆಯಲ್ಲಿ ಸಿಗದೇ ಹೋಗಿರಬಹುದು. ಇನ್ನೂ ಸೂಕ್ಷ್ಮವಾದ ಮೋಸವೊಂದಿದೆ. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ತಂತ್ರಾಂಶವೊಂದು ‘ಸಿಸ್ಟಮ್32’ ಫೋಲ್ಡರ್ ಕೇಳಿದರೆ, ವಿಂಡೋಸ್ ಸದ್ದಿಲ್ಲದೆ ಅದನ್ನು ‘ಸಿಸ್‌ವಾವ್64’ ಎಂಬ ಬೇರೆ ಫೋಲ್ಡರ್‌ಗೆ ಕಳಿಸುತ್ತದೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬರೆದ ಕ್ಲೀನರ್, ಕಣ್ಣೆದುರೇ ಇರುವ ಕಡತವನ್ನು ಇಲ್ಲ ಎಂದು ವರದಿ ಮಾಡುತ್ತದೆ.

ತಪ್ಪು ನಮೂದು ಅಳಿದರೆ ಆ ಕ್ಷಣಕ್ಕೆ ಏನೂ ಆಗದಿರಬಹುದು. ನನಗೆ ಹೆಚ್ಚು ಆತಂಕ ತರುವುದು ಇದೇ. ಮೂರು ತಿಂಗಳ ನಂತರ ಪ್ರಿಂಟರ್ ಕೈಕೊಡುತ್ತದೆ, ಅಥವಾ ರಿಟರ್ನ್ಸ್ ಸಲ್ಲಿಸುವ ಕೊನೆಯ ದಿನ ಡಿಜಿಟಲ್ ಸಹಿಯ ಟೋಕನ್ ತೆರೆಯುವುದಿಲ್ಲ. ಅಷ್ಟರಲ್ಲಿ ಕ್ಲೀನರ್ ಓಡಿಸಿದ್ದು ಮರೆತೇ ಹೋಗಿರುತ್ತದೆ. ರಿಪೇರಿಗೆ ಬಂದವರು ಕಾರಣ ಸಿಗದೆ ‘ಫಾರ್ಮ್ಯಾಟ್ ಮಾಡಿಬಿಡೋಣ’ ಎನ್ನುತ್ತಾರೆ.

ವಿಂಡೋಸ್ ತಯಾರಕರೇ ಈ ದಾರಿ ತುಳಿದು ಹಿಂದೆ ಬಂದವರು. 1990ರ ದಶಕದಲ್ಲಿ ಮೈಕ್ರೋಸಾಫ್ಟ್ ‘ರೆಗ್‌ಕ್ಲೀನ್’ ಎಂಬ ಸಾಧನವನ್ನು ಉಚಿತವಾಗಿ ಕೊಟ್ಟಿತ್ತು, ಆಮೇಲೆ ಕೈಬಿಟ್ಟಿತು. ವಿಂಡೋಸ್ ಇನ್‌ಸ್ಟಾಲರ್‌ನ ದಾಖಲೆಗಳನ್ನು ತೆಗೆದುಹಾಕುವ ಇನ್ನೊಂದು ಸಾಧನವನ್ನು, ಅದು ಕಂಪ್ಯೂಟರಿನ ಬೇರೆ ಭಾಗಗಳನ್ನು ಕೆಡಿಸಬಲ್ಲದು ಎಂಬ ಕಾರಣಕ್ಕೆ 2010ರಲ್ಲಿ ಹಿಂತೆಗೆದುಕೊಂಡಿತು. ಇಂಥ ಕ್ಲೀನರ್‌ಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ, ಅವುಗಳಿಂದಾಗುವ ತೊಂದರೆಗೆ ತಾನು ಹೊಣೆಯಲ್ಲ ಎಂಬುದು ಅದರ ಲಿಖಿತ ನೀತಿ.

ಇಷ್ಟಾದರೂ ಮಾರಾಟ ನಿಲ್ಲದಿರುವುದಕ್ಕೆ ಕಾರಣ ಆ ಕೆಂಪು ಅಂಕಿ. ಹೆದರಿದ ಮನುಷ್ಯ ಬೇಗ ದುಡ್ಡು ಕೊಡುತ್ತಾನೆ. 2008ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಅಟಾರ್ನಿ ಜನರಲ್ ‘ರಿಜಿಸ್ಟ್ರಿ ಕ್ಲೀನರ್ ಎಕ್ಸ್‌ಪಿ’ ಮಾರುತ್ತಿದ್ದವರ ಮೇಲೆ ದಾವೆ ಹೂಡಿದರು. ವಿಂಡೋಸ್‌ನದೇ ಎಚ್ಚರಿಕೆಯೋ ಎನ್ನುವಂತೆ ಪರದೆಯ ಮೇಲೆ ಸಂದೇಶ ಮೂಡಿಸಿ, ಇಲ್ಲದ ದೋಷ ತೋರಿಸಿ, ಸುಮಾರು 40 ಡಾಲರಿಗೆ ಪರಿಹಾರ ಮಾರುತ್ತಿದ್ದರು ಎಂಬುದು ಆರೋಪ. 2019ರಲ್ಲಿ ಆಫೀಸ್ ಡಿಪೋ ಮತ್ತು ಸಪೋರ್ಟ್ ಡಾಟ್ ಕಾಮ್ ಸಂಸ್ಥೆಗಳು, ಉಚಿತ ತಪಾಸಣೆಯ ಹೆಸರಿನಲ್ಲಿ ಗ್ರಾಹಕರನ್ನು ದಾರಿತಪ್ಪಿಸಿದ ಆರೋಪದ ಇತ್ಯರ್ಥಕ್ಕಾಗಿ ಒಟ್ಟು 3.5 ಕೋಟಿ ಡಾಲರ್ ಕೊಡಲು ಒಪ್ಪಿದವು. 2024ರಲ್ಲಿ ಸೈಪ್ರಸ್ ಮೂಲದ ರೆಸ್ಟೊರೊ, ರೀಇಮೇಜ್ ಕಂಪನಿಗಳ ಸರದಿ. ಅವು ಕೊಡಲು ಒಪ್ಪಿದ್ದು 2.6 ಕೋಟಿ ಡಾಲರ್. ಹೀಗೆ ದುಡ್ಡು ಹೋಗುವುದು ಕಂಪ್ಯೂಟರ್ ಅಷ್ಟಾಗಿ ಗೊತ್ತಿಲ್ಲದವರ ಜೇಬಿನಿಂದ ಎಂಬುದು ನೆನಪಾದಾಗ ಸಿಟ್ಟು ಬರುತ್ತದೆ. 2018ರ ಮಾರ್ಚ್‌ನಿಂದ ಮೈಕ್ರೋಸಾಫ್ಟ್‌ನ ರಕ್ಷಣಾ ತಂತ್ರಾಂಶ ಡಿಫೆಂಡರ್, ಹೀಗೆ ಹೆದರಿಸಿ ಕೊಳ್ಳುವಂತೆ ಮಾಡುವ ಕ್ಲೀನರ್‌ಗಳನ್ನು ಬೇಡದ ತಂತ್ರಾಂಶವೆಂದು ಪರಿಗಣಿಸಿ ತೆಗೆದುಹಾಕುತ್ತದೆ.

ಈ ದಂಧೆಯ ಒಂದು ಕೊಂಡಿ ನಮ್ಮ ದೇಶದಲ್ಲೇ ಇದೆ. ‘ನಿಮ್ಮ ಕಂಪ್ಯೂಟರಿನಿಂದ ದೋಷದ ಸಂದೇಶ ಬರುತ್ತಿದೆ’ ಎಂದು ವಿದೇಶಗಳ ವೃದ್ಧರಿಗೆ ಫೋನ್ ಮಾಡುವ ನಕಲಿ ಕಾಲ್ ಸೆಂಟರ್‌ಗಳು ಇಲ್ಲಿಂದ ನಡೆದಿವೆ. ಅಮೆಜಾನ್, ಮೈಕ್ರೋಸಾಫ್ಟ್ ಕೊಟ್ಟ ದೂರುಗಳೂ ಸೇರಿದಂತೆ ಹಲವು ಪ್ರಕರಣಗಳಲ್ಲಿ ಸಿಬಿಐ 2023ರ ಅಕ್ಟೋಬರ್‌ನಲ್ಲಿ ‘ಆಪರೇಷನ್ ಚಕ್ರ-2’ ಹೆಸರಿನಲ್ಲಿ 76 ಕಡೆ ಶೋಧ ನಡೆಸಿತು. ಇಂಥ ಕರೆ ನಿಮಗೇ ಬಂದು ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೈಕ್ರೋಸಾಫ್ಟ್ ತಾನಾಗಿ ಯಾರಿಗೂ ಹೀಗೆ ಫೋನ್ ಮಾಡುವುದಿಲ್ಲ.

ಎಲ್ಲ ಕ್ಲೀನರ್‌ಗಳೂ ವಂಚಕರ ಕೈಕೆಲಸವೇನಲ್ಲ. ಸಿಕ್ಲೀನರ್‌ನಂಥವು ತಾತ್ಕಾಲಿಕ ಕಡತ ಅಳಿಸುವ ಕೆಲಸವನ್ನು ಸರಿಯಾಗಿಯೇ ಮಾಡುತ್ತವೆ, ರಿಜಿಸ್ಟ್ರಿ ಮುಟ್ಟುವ ಮುಂಚೆ ಬ್ಯಾಕಪ್ ಬೇಕೇ ಎಂದೂ ಕೇಳುತ್ತವೆ. ಆದರೆ ಅದೇ ಸಿಕ್ಲೀನರ್‌ಗೆ 2017ರಲ್ಲಿ ಏನಾಯಿತು ನೋಡಿ. ಆಗಸ್ಟ್ 15ರಂದು ಬಿಡುಗಡೆಯಾದ ಅದರ 5.33ನೇ ಆವೃತ್ತಿಯೊಳಗೆ ದಾಳಿಕೋರರು ತಮ್ಮ ಕೋಡ್ ಸೇರಿಸಿಬಿಟ್ಟಿದ್ದರು. ಕಂಪನಿಯ ಅಸಲಿ ಡಿಜಿಟಲ್ ಸಹಿ ಹೊತ್ತು, ಅಧಿಕೃತ ತಾಣದಿಂದಲೇ ಅದು ಸುಮಾರು 22.7 ಲಕ್ಷ ಬಳಕೆದಾರರ ಕಂಪ್ಯೂಟರ್ ಸೇರಿತು. ವಿಷಯ ಬಯಲಾದದ್ದು ಸೆಪ್ಟೆಂಬರ್ 18ರಂದು. ದಾಳಿಕೋರರ ನಿಜವಾದ ಗುರಿ ದೊಡ್ಡ ತಂತ್ರಜ್ಞಾನ ಕಂಪನಿಗಳಾಗಿದ್ದರಿಂದ ಮನೆ ಬಳಕೆದಾರರು ಹೆಚ್ಚಿನ ಪೆಟ್ಟಿನಿಂದ ಪಾರಾದರು. ರಿಜಿಸ್ಟ್ರಿಯಲ್ಲಿ ಇಡೀ ವ್ಯವಸ್ಥೆಗೆ ಸೇರಿದ ಭಾಗವನ್ನು ಬದಲಿಸಬೇಕಾದರೆ ಕ್ಲೀನರ್‌ಗೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಡಬೇಕು. ಅಗತ್ಯವೇ ಇಲ್ಲದ ಕೆಲಸಕ್ಕೆ ಅಂಥ ಅಧಿಕಾರವನ್ನು ಯಾಕೆ ಕೊಡಬೇಕು?

ಹಾಗಿದ್ದರೆ ನಿಧಾನವಾದ ಕಂಪ್ಯೂಟರಿಗೆ ಮಾಡಬೇಕಾದ್ದೇನು? ಟಾಸ್ಕ್ ಮ್ಯಾನೇಜರ್ ತೆರೆದು ಸ್ಟಾರ್ಟ್‌ಅಪ್ ಪಟ್ಟಿ ನೋಡಿ. ಕಂಪ್ಯೂಟರ್ ಏಳುವಾಗಲೇ ತಾವೂ ಏಳುವ ಬೇಡದ ತಂತ್ರಾಂಶಗಳನ್ನು ಅಲ್ಲಿ ನಿಲ್ಲಿಸಬಹುದು. ಸಿ ಡ್ರೈವ್ ತುಂಬಿದ್ದರೆ ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗದಲ್ಲೇ ಖಾಲಿ ಮಾಡುವ ದಾರಿ ಇದೆ. ಒಂದು ತಂತ್ರಾಂಶ ಅನ್‌ಇನ್‌ಸ್ಟಾಲ್ ಆಗದೆ ಸಿಕ್ಕಿಕೊಂಡಿದ್ದರೆ ಅದರ ತಯಾರಕರ ಸಾಧನವನ್ನೇ ಬಳಸಿ. ಆದರೆ ನಾಲ್ಕೈದು ವರ್ಷ ದಾಟಿದ ಯಂತ್ರ ನಿಧಾನವಾಗಿದ್ದರೆ ಒಳಗೆ ತಿರುಗುವ ಹಾರ್ಡ್ ಡಿಸ್ಕ್ ಇದೆಯೇ ಎಂದು ಮೊದಲು ವಿಚಾರಿಸಿ. ಅಂಥ ಡಿಸ್ಕ್ ಒಂದು ತುಣುಕು ಮಾಹಿತಿ ಹುಡುಕಲು ಸುಮಾರು 10 ಮಿಲಿಸೆಕೆಂಡ್ ತೆಗೆದುಕೊಂಡರೆ, ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿಗೆ ಅದರ ನೂರನೇ ಒಂದು ಪಾಲು ಸಾಕು. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲಿ, ಬೇರೆ ಊರಿನವರಾದರೆ ನಿಮ್ಮ ನಂಬಿಕೆಯ ಅಂಗಡಿಯಲ್ಲಿ ಎಸ್‌ಎಸ್‌ಡಿ ಹಾಕಿಸಿ. ವರ್ಷವರ್ಷವೂ ಕ್ಲೀನರ್‌ಗೆ ಚಂದಾ ಕಟ್ಟುವ ಬದಲು ಆ ಹಣ ಇಲ್ಲಿಗೆ ಹೋಗಲಿ.

ಈಗಾಗಲೇ ಗುಂಡಿ ಒತ್ತಿಬಿಟ್ಟಿದ್ದೀರಾ? ಎಲ್ಲವೂ ಸರಿಯಾಗಿ ನಡೆಯುತ್ತಿದ್ದರೆ ಗಾಬರಿ ಬೇಡ, ಕ್ಲೀನರ್ ಅನ್ನು ಅನ್‌ಇನ್‌ಸ್ಟಾಲ್ ಮಾಡಿ ಸುಮ್ಮನಿರಿ. ತೊಂದರೆ ಕಂಡರೆ ಅದು ತೆಗೆದಿಟ್ಟ ಬ್ಯಾಕಪ್ ಇದೆಯೇ ಹುಡುಕಿ, ಅದರಿಂದ ನಮೂದುಗಳನ್ನು ಮರಳಿಸಬಹುದು. ಇಲ್ಲದಿದ್ದರೆ ಸಿಸ್ಟಮ್ ರಿಸ್ಟೋರ್ ಪ್ರಯತ್ನಿಸಿ, ಅದು ಮೊದಲೇ ಆನ್ ಆಗಿದ್ದರೆ ಮಾತ್ರ ಫಲ. ವಿಂಡೋಸ್ ತಾನಾಗಿಯೇ ರಿಜಿಸ್ಟ್ರಿಯ ಪ್ರತಿ ಇಟ್ಟಿರುತ್ತದೆ ಎಂದು ನಂಬಿ ಕೂರಬೇಡಿ. ಆ ಪದ್ಧತಿ 2018ರಲ್ಲಿ ಬಂದ ವಿಂಡೋಸ್ 10ರ 1803ನೇ ಆವೃತ್ತಿಯಿಂದ ನಿಂತಿದೆ, ‘ರೆಗ್‌ಬ್ಯಾಕ್’ ಫೋಲ್ಡರ್‌ನಲ್ಲಿ ಕಡತಗಳ ಹೆಸರಿದ್ದರೂ ಒಳಗೆ ಏನೂ ಇರುವುದಿಲ್ಲ. ಯಾವ ದಾರಿಯೂ ಉಳಿಯದಿದ್ದರೆ ಕೊನೆಗೆ ‘ರಿಸೆಟ್ ದಿಸ್ ಪಿಸಿ’. ಕಡತಗಳನ್ನು ಉಳಿಸಿಕೊಳ್ಳುವ ಆಯ್ಕೆ ಅದರಲ್ಲಿದೆ, ಆದರೆ ನೀವು ಹಾಕಿಕೊಂಡ ತಂತ್ರಾಂಶಗಳು ಹೋಗುತ್ತವೆ. ಆದ್ದರಿಂದ ಅದಕ್ಕೆ ಕೈಹಾಕುವ ಮೊದಲು ಮಕ್ಕಳ ಫೋಟೊ, ಲೆಕ್ಕಪತ್ರದ ಡೇಟಾ, ಟೈಪ್ ಮಾಡಿಟ್ಟ ಬರಹಗಳನ್ನೆಲ್ಲ ಬೇರೊಂದು ಡಿಸ್ಕ್‌ಗೆ ನಕಲು ಮಾಡಿ, ಆ ಡಿಸ್ಕ್ ಅನ್ನು ಕಂಪ್ಯೂಟರಿನಿಂದ ಬಿಡಿಸಿ ತೆಗೆದಿಡಿ.